ನೀರು ಸುರಿಯದ ಕಾಯಿಗಳು

ಕೆರೆ ಏರಿಗೆ ಗುಂಡು ಹೊಡೆಸೋಣ ಎಂದು ಸಾಹುಕಾರರು ಹೇಳಿದ ದಿನವೇ ನಾನು ದೊಡ್ಡ ನಮಸ್ಕಾರ ಹಾಕಿ ಎದ್ದು ಬರಬೇಕಿತ್ತು. ಬರಲಿಲ್ಲ. ಬರದೇ ಇದ್ದುದಕ್ಕೆ ಎರಡು ತಿಂಗಳು ಅನುಭವಿಸಿದೆ.

ನಾನು ಯಗಟಿ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ನಮ್ಮಲ್ಲಿ ಬಿಸಿಯೂಟ ಬೇಯಿಸುವ ಅಡುಗೆಯಕ್ಕನಿಗೆ ಸಕ್ಕರೆ ಕಾಯಿಲೆ. ಪಾದದ ಹುಣ್ಣು ಕೊಳೆತು, ಆ ವರ್ಷ ಜನವರಿಯಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಮಾರ್ಚಿ ಹೊತ್ತಿಗೆ ಗಾಯ ಒಣಗಿತು. ಮುಖ್ಯೋಪಾಧ್ಯಾಯರು ಅವರನ್ನು ಕರೆದು, ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನ ನಿಂತು ಅಡುಗೆ ಮಾಡುವ ಹಾಗಿದ್ದರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು. ಅವರು ಕೆಟ್ಟವರಲ್ಲ, ಇನ್ನೂರು ಮಕ್ಕಳಿಗೆ ಅನ್ನ ಬೇಯಬೇಕಲ್ಲ. ಅಕ್ಕನಿಗೆ ಗಂಡನಿಲ್ಲ, ಆ ಕೆಲಸ ಬಿಟ್ಟರೆ ಬೇರೆ ಕೆಲಸವೂ ಇಲ್ಲ. ಕೃತಕ ಕಾಲು ಉಚಿತವಾಗಿ ಕೊಡುವ ಶಿಬಿರವೊಂದನ್ನು ವಿಚಾರಿಸಿದೆವು. ಮುಂದಿನ ಶಿಬಿರ ಮಳೆಗಾಲ ಕಳೆದ ಮೇಲಂತೆ. ಶಿವಮೊಗ್ಗದಲ್ಲಿ ಅಳತೆ ಕೊಟ್ಟು ಮಾಡಿಸಿದರೆ ಮೂರು ವಾರ. ಅದಕ್ಕೆ ಹಣ ಕೂಡಿಸಬೇಕಿತ್ತು.

ಶಾಲೆಯ ಜಗುಲಿಯಲ್ಲಿ ಸಭೆ ಸೇರಿತು. ಹುಡುಗರು ಕ್ರಿಕೆಟ್ ಪಂದ್ಯ ಎಂದರು. ನಮ್ಮೂರಿನವರೇ ಆದ, ಕಡೂರಿನಲ್ಲಿ ತೆಂಗಿನ ಮಂಡಿ ಇಟ್ಟಿರುವ ಸಾಹುಕಾರರು ಒಪ್ಪಲಿಲ್ಲ. 'ಕ್ರಿಕೆಟ್ ಆಡ್ಸಿದ್ರೆ ಚೆಂಡಿನ ಖರ್ಚೂ ಹುಟ್ಟಲ್ಲ ಕಣ್ರಪ್ಪ. ಈ ಸೀಮೇಲಿ ಹಂದಿ ಕಾಯಕ್ಕೆ ಅಂತ ಕೋವಿ ಲೈಸೆನ್ಸ್ ಇಟ್ಕೊಂಡು ಎಷ್ಟ್ ಜನ ಅವ್ರೆ! ದೂರದಲ್ಲಿ ತೆಂಗಿನಕಾಯಿ ಕಟ್ಟಿ ಗುಂಡು ಹೊಡ್ಸೋಣ. ನಾ ಮುಂದು ತಾ ಮುಂದು ಅಂತ ಬತ್ತಾರೆ. ಗೆದ್ದ ಕಾಯಿ ಒಂದಕ್ಕೆ ಎರಡು ಸಾವಿರ, ಅಕ್ಕನ ಕಾಲಿಗೆ ನಂದು' ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಕಾಲೇಜಿನಲ್ಲಿ ಎನ್‌ಸಿಸಿ ರೈಫಲ್ ಹಿಡಿದವಳು, ಚಿಕ್ಕಮಗಳೂರಿನ ರೈಫಲ್ ಕ್ಲಬ್ಬಿನಲ್ಲಿ ರೇಂಜ್ ನಡೆಸುವ ತರಬೇತಿ ಪಡೆದವಳು ಆ ಜಗುಲಿಯಲ್ಲಿ ನಾನೊಬ್ಬಳೇ.

'ಎಲ್ಲಿ ಹೊಡೆಸ್ತೀರಿ?' ಎಂದು ಕೇಳಿದೆ.

'ಕೆರೆ ಒಣಗೈತಲ್ಲ ಮೇಡಮ್ಮೋರೆ. ಏರಿಗೆ ಕಾಯಿ ಕಟ್ಟೋದು, ಅಂಗಳದಿಂದ ಹೊಡೆಯೋದು.'

'ಏರಿ ಮೇಲೆ ಏನಿದೆ ಸಾವ್ಕಾರ್ರೆ?'

'ಏನೈತೆ, ರಸ್ತೆ ಐತೆ.'

'ರಸ್ತೆ ಮೇಲೆ?'

'ಬಸ್ ಓಡಾಡ್ತವೆ.' ಅಷ್ಟು ಹೇಳಿದ ಮೇಲೂ ಅವರಿಗೆ ಹೊಳೆಯಲಿಲ್ಲ. 'ಬಸ್ ಬಂದಾಗ ನಿಲ್ಲಿಸಿದ್ರಾಯ್ತು ಬಿಡಿ' ಎಂದರು. ಯಾವುದನ್ನು ನಿಲ್ಲಿಸುವುದು, ಬಸ್ಸನ್ನೋ ಗುಂಡನ್ನೋ ಎಂದು ಕೇಳಿದ್ದಕ್ಕೆ ಸಭೆಯಲ್ಲಿ ನಕ್ಕರು. ನನಗೆ ನಗು ಬರಲಿಲ್ಲ.

ಮುಂದಿನ ಹದಿನೈದು ದಿನ ಜಾಗ ಹುಡುಕಿದೆ. ಕಲ್ಲು ಬಂಡೆ ಆಗುವುದಿಲ್ಲ, ಗುಂಡು ಸಿಡಿದು ಎತ್ತಲೋ ಹಾರುತ್ತದೆ. ಬಯಲೂ ಆಗುವುದಿಲ್ಲ, ಕ್ಲಬ್ಬಿನ ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಕೊನೆಗೆ ರಸ್ತೆ ಕೆಲಸಕ್ಕೆಂದು ಗರಸು ತೆಗೆದು ಅರ್ಧ ಕೊರೆದ ಗುಡ್ಡವೊಂದು ಸಿಕ್ಕಿತು. ಮೂವತ್ತು ಅಡಿ ಎತ್ತರದ ಮಣ್ಣಿನ ಗೋಡೆ, ಹಿಂದೆ ಮುಂದೆ ಮನೆಯಿಲ್ಲ. ಟೇಪು ಹಿಡಿದು ನೂರು ಮೀಟರ್ ಅಳೆದೆ. ಅಳೆಯುವಾಗ ಟೇಪಿನ ಇನ್ನೊಂದು ತುದಿ ಹಿಡಿದ ಸಾಹುಕಾರರು, 'ಇಷ್ಟು ದೂರಾನಾ? ಕಾಯಿ ಕಾಣಲ್ವಲ್ಲ!' ಎಂದರು. ದೂರದ ಗುರಿ ಎಂದು ಕರಪತ್ರ ಅಚ್ಚು ಹಾಕಿಸಿದವರೇ ಅವರು.

ಅನುಮತಿಯದ್ದು ಇನ್ನೊಂದು ರಾಮಾಯಣ. ತಾಲ್ಲೂಕು ಕಚೇರಿಯ ಗುಮಾಸ್ತರು ನನ್ನ ಅರ್ಜಿಯನ್ನು ಎರಡು ಸಲ ಓದಿ, 'ಮೇಡಂ, ಇದನ್ನ ಯಾವ ಫೈಲಿಗೆ ಹಾಕ್ಲಿ? ಕ್ರೀಡೆಗೋ, ಮದ್ದುಗುಂಡಿಗೋ?' ಎಂದು ಕೇಳಿದರು. ಎರಡಕ್ಕೂ ಹಾಕಿ ಎಂದೆ. ಒಂದೇ ಪ್ರತಿ ಇದೆಯಲ್ಲ ಎಂದರು. ಜೆರಾಕ್ಸ್ ಮಾಡಿಸಿ ತಂದೆ, ಅಷ್ಟರಲ್ಲಿ ಊಟದ ಹೊತ್ತಾಗಿತ್ತು. ಹೀಗೆ ಕಡೂರಿಗೆ ಏಳು ಸಲ, ಚಿಕ್ಕಮಗಳೂರಿಗೆ ಮೂರು ಸಲ ಬಸ್ಸು ಹತ್ತಿಳಿದ ಮೇಲೆ ಕಾಗದ ಕೈಗೆ ಬಂತು. ಮೇ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಮಾತ್ರ. ಕ್ಲಬ್ಬಿನ ರೈಫಲ್, ಕ್ಲಬ್ಬಿನವರು ಎಣಿಸಿ ಕೊಟ್ಟ ಗುಂಡು. ಲೈಸೆನ್ಸ್ ಇದ್ದವರಿಗೆ ಮಾತ್ರ ಸ್ಪರ್ಧೆಗೆ ಪ್ರವೇಶ. ಸ್ವಂತ ಕೋವಿ ತರುವಂತಿಲ್ಲ. ಒಂದು ಗಂಟೆಯ ಮೇಲೆ ಒಂದು ಗುಂಡು ಹಾರಿದರೂ ಜವಾಬ್ದಾರಿ ನನ್ನದು.

ನಿಯಮಗಳನ್ನು ನಾನೇ ಬರೆದೆ. ನಲವತ್ತು ಸ್ಪರ್ಧಿಗಳು, ಎಂಟು ಎಂಟು ಜನರ ಐದು ತಂಡ. ಪ್ರವೇಶ ಶುಲ್ಕ ಕಟ್ಟಿದ ಒಬ್ಬೊಬ್ಬರಿಗೂ ಐದು ಗುಂಡು, ಒಂದು ಕಾಯಿ, ಕಾಯಿಯ ಮೇಲೆ ಅವರ ಸಂಖ್ಯೆ. ಎಲ್ಲಕ್ಕಿಂತ ಮುಖ್ಯವಾದ ನಿಯಮವನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದೆ: 'ನೀರು ಸುರಿದರೆ ಮಾತ್ರ ಕಾಯಿ ಗೆದ್ದಂತೆ.' ಅದರ ಬಗ್ಗೆ ನನಗೆ ಜಂಬವೂ ಇತ್ತು. ಗುಂಡು ತಗುಲಿತೋ ಇಲ್ಲವೋ ಎಂಬ ಜಗಳವೇ ಬೇಡ, ನೀರು ಬಿದ್ದರೆ ನೂರು ಮೀಟರ್ ಆಚೆ ನಿಂತ ಕುರುಡನಿಗೂ ಗೊತ್ತಾಗಬೇಕು ಎಂದುಕೊಂಡೆ. ಚಿಕ್ಕಮಗಳೂರಿನ ಸಂತೆಯಿಂದ ಆರು ಕಾಯಿ ತಂದು ಕ್ಲಬ್ಬಿನಲ್ಲಿ ಹೊಡೆದೂ ನೋಡಿದ್ದೆ. ನಲ್ಲಿ ಬಿಟ್ಟ ಹಾಗೆ ಸುರಿದಿತ್ತು.

ಸ್ಪರ್ಧೆಯ ಕಾಯಿಯನ್ನು ಮಾತ್ರ ಕೊಳ್ಳಬಾರದು ಎಂದು ಊರವರು ಹಟ ಹಿಡಿದರು. ತೆಂಗಿನ ಸೀಮೆಯಲ್ಲಿ ಕಾಯಿ ಕೊಂಡರೆ ಮರ್ಯಾದೆ ಏನಾಗಬೇಕು! ಮನೆಗೊಂದು ಕಾಯಿ, ಧರ್ಮಕ್ಕೆ. ಶನಿವಾರ ಸಂಜೆಯ ಹೊತ್ತಿಗೆ ಶಾಲೆಯ ಕೋಣೆಯಲ್ಲಿ ಸಿಪ್ಪೆ ಸಮೇತ ಐವತ್ತು ಕಾಯಿ ರಾಶಿ ಬಿದ್ದಿತ್ತು. ನಾನು ಲಕ್ಕವಳ್ಳಿಯಲ್ಲಿ ಬೆಳೆದವಳು, ನಮ್ಮಪ್ಪ ಭದ್ರಾ ಅಣೆಕಟ್ಟೆಯ ಕೆಲಸದಲ್ಲಿದ್ದರು. ಭತ್ತ ನೋಡಿ ಗೊತ್ತು, ಅಡಿಕೆ ನೋಡಿ ಗೊತ್ತು. ಕಾಯಿ ಎಂದರೆ ಕಾಯಿ ಎಂದುಕೊಂಡು ಬಣ್ಣದಲ್ಲಿ ನಂಬರು ಬರೆದು ಬೀಗ ಹಾಕಿದೆ.

ಭಾನುವಾರ ಏಳಕ್ಕೆ ಗುಡ್ಡದ ಹತ್ತಿರ ಹೋದರೆ, ಶಾಮಿಯಾನದವರು ಪೆಂಡಾಲನ್ನು ಗುಂಡು ಹೊಡೆಯುವ ಸಾಲಿಗೂ ಕಾಯಿಗೂ ಮಧ್ಯೆ ಕಟ್ಟಿ ನಿಲ್ಲಿಸಿದ್ದರು. 'ಜನಕ್ಕೆ ಹತ್ರದಿಂದ ಕಾಣ್ಲಿ ಅಂತ ಮೇಡಂ' ಎಂದರು. ಬಾಯಿಗೆ ಬಂದಿದ್ದನ್ನು ನುಂಗಿಕೊಂಡು ಬಿಚ್ಚಿಸಿದೆ. ಒಂಬತ್ತಾಯಿತು, ಮುಖ್ಯ ಅತಿಥಿಗಳು ಬರಲಿಲ್ಲ. ಒಂಬತ್ತೂವರೆಗೆ ಬಂದರು. ಆಮೇಲೆ ಪೂಜೆ, ಸ್ವಾಗತ, ಹಾರ, ಶಾಲು. ಅತಿಥಿಗಳು ತಮ್ಮ ಬಾಲ್ಯದಿಂದ ಮಾತು ಶುರು ಮಾಡಿದರು. ಬಂದೋಬಸ್ತಿಗೆ ಬಂದಿದ್ದ ದಫೇದಾರರು ಕೈಗಡಿಯಾರ ನೋಡಿದರು, ನಾನು ಅವರನ್ನು ನೋಡಿದೆ.

ಅಷ್ಟರಲ್ಲಿ ಎಪ್ಪತ್ತರ ಹತ್ತಿರದ ಯಜಮಾನರೊಬ್ಬರು ಹೆಗಲ ಮೇಲೆ ತಮ್ಮ ಕೋವಿಯನ್ನೇ ಹೊತ್ತು ಬಂದರು. ಸ್ವಂತ ಕೋವಿ ತರಬಾರದು ಎಂದು ಕರಪತ್ರದಲ್ಲಿ ಮೂರು ಕಡೆ ಬರೆದಿತ್ತು.

'ಓದಿವ್ನಿ ಕಣವ್ವ' ಎಂದರು. 'ನಮ್ಮಪ್ಪನ ಕಾಲದ ಕೋವಿ ಇದು. ಇದ್ನ ಬಿಟ್ಟು ನಿನ್ನ ಆಟದ ಸಾಮಾನಲ್ಲಿ ಹೊಡೀಲಾ?'

'ಅದರಲ್ಲಿ ಚರೆ ಹೊಡೆಯೋದು ಯಜಮಾನ್ರೆ, ನೂರು ಮೀಟರಿಗೆ ಮುಟ್ಟೋದೇ ಇಲ್ಲ. ಜೀಪಿನಲ್ಲಿಡಿ, ಇಲ್ಲ ಮನೆಗೆ ಹೋಗಿ.'

ಅವರು ನನ್ನನ್ನು ದುರುಗುಟ್ಟಿ ನೋಡಿ, ಕೋವಿಯನ್ನು ಪೊಲೀಸ್ ಜೀಪಿನಲ್ಲಿಟ್ಟು, ಮೊದಲ ತಂಡದಲ್ಲೇ ಹೆಸರು ಬರೆಸಿದರು.

ಹತ್ತೂ ಕಾಲಿಗೆ ಕೆಂಪು ಬಾವುಟ ಏರಿಸಿದೆ. ಎಂಟು ಜನ ಚಾಪೆಯ ಮೇಲೆ ಬೋರಲು ಮಲಗಿ, ಮರಳು ಚೀಲಕ್ಕೆ ರೈಫಲ್ ಒರಗಿಸಿದರು. ಗುಂಡು ತುಂಬಿ ಎಂದು ಕೂಗುವಷ್ಟರಲ್ಲಿ ಗುಡ್ಡದ ಪಕ್ಕದಿಂದ ಕುರಿ ಮಂದೆ ಇಳಿಯಿತು. ಶಿಳ್ಳೆ ಊದಿದೆ, ರೈಫಲ್ ಕೆಳಗಿಡಿಸಿದೆ. ಕುರಿಗಾಹಿ ತಲೆಯ ಮೇಲೆ ಟವೆಲ್ ಸುತ್ತಿಕೊಂಡು ಸಾವಕಾಶವಾಗಿ ನಡೆದು ಬಂದ. ಹಿಂದಿನ ದಿನವೇ ಹೇಳಿರಲಿಲ್ಲವೇ ಎಂದರೆ, 'ನೀವು ಏಳಿದ್ದು ನಂಗೆ, ಕುರಿಗಲ್ವಲ್ಲ' ಎಂದ. ಇನ್ನೂ ಇಪ್ಪತ್ತು ನಿಮಿಷ ಹೋಯಿತು.

ಕೊನೆಗೂ ಮೊದಲ ತಂಡ ಹೊಡೆಯಿತು. ನಲವತ್ತು ಗುಂಡು. ಒಂದು ತೊಟ್ಟು ನೀರು ಬೀಳಲಿಲ್ಲ.

ಮೊದಲಿಗೆ ಜನ ನಕ್ಕರು. 'ಹಂದಿ ಯಾಕ್ ಹೊಲ ಬಿಟ್ಟು ಹೋಗಲ್ಲ ಅಂತ ಇವತ್ತು ಗೊತ್ತಾಯ್ತು ಕಣ್ರೋ' ಎಂದು ಪೆಂಡಾಲಿನಿಂದ ಯಾರೋ ಕೂಗಿದರು. ಎರಡನೆಯ ತಂಡವೂ ಹಾಗೇ ಆಯಿತು. ಮೂರನೆಯ ತಂಡದಲ್ಲಿ ಕ್ಲಬ್ಬಿನಲ್ಲೇ ಅಭ್ಯಾಸ ಮಾಡುವ ಇಬ್ಬರಿದ್ದರು, ಅವರದ್ದೂ ಇಲ್ಲ. ನಗು ನಿಂತಿತು. ರೈಫಲ್ ಡೊಂಕೈತೆ, ಗುಂಡು ಸುಳ್ಳು, ದುಡ್ಡು ವಾಪಸ್ ಕೊಡಿ ಎಂಬ ಗಲಾಟೆ ಶುರುವಾಯಿತು. ದುರ್ಬೀನು ಹಿಡಿದು ನೋಡಿದೆ. ಒಣಸಿಪ್ಪೆಯ ನಾರಿನಲ್ಲಿ ತೂತು ಇದ್ದರೂ ಕಾಣುವಂತಿರಲಿಲ್ಲ.

ಕೋವಿ ಯಜಮಾನರು ನನ್ನೆದುರು ಬಂದು ನಿಂತರು. 'ಹೊಡ್ದಿವ್ನಿ ಕಣವ್ವ. ಕಾಯಿ ಅಲ್ಲಾಡ್ತು. ನಾಕು ಸಲ ಅಲ್ಲಾಡ್ತು.'

'ಗಾಳಿಗೆ ಅಲ್ಲಾಡಿರುತ್ತೆ. ನೀರು ಬಿತ್ತಾ? ಇಲ್ಲ. ನಿಯಮ ಅಂದ್ರೆ ನಿಯಮ.'

'ನಿನ್ನ ನಿಯಮಕ್ಕೆ ಬೆಂಕಿ ಹಾಕ. ನಾನು ಸುಳ್ಳು ಏಳ್ತೀನಾ?'

ನನಗೂ ಪಿತ್ತ ನೆತ್ತಿಗೇರಿತ್ತು. ರೈಫಲ್ ಸರಿಯಿದೆ ಎಂದು ತೋರಿಸಿಯೇ ಬಿಡುತ್ತೇನೆ ಎಂದು ಚಾಪೆಯ ಮೇಲೆ ಮಲಗಿ, ಉಳಿದಿದ್ದ ಒಂದು ಕಾಯಿಗೆ ಗುರಿಯಿಟ್ಟು ಹೊಡೆದೆ. ಕಾಯಿ ಅಲ್ಲಾಡಿದ್ದನ್ನು ನನ್ನ ಕಣ್ಣಿನಿಂದಲೇ ನೋಡಿದೆ. ನೀರು ಬೀಳಲಿಲ್ಲ. ರೈಫಲ್ಲುಗಳನ್ನು ಖಾಲಿ ಮಾಡಿಸಿ, ಬಾವುಟ ಇಳಿಸಿ, ನೂರು ಮೀಟರ್ ಓಡಿಕೊಂಡೇ ಹೋಗಿ ಆ ಕಾಯಿಯನ್ನು ಬಿಚ್ಚಿ ತಂದೆ. ಬರುವಾಗ ಕೈಯಲ್ಲಿ ಅದು ಲೊಟಲೊಟ ಅನ್ನುತ್ತಿತ್ತು.

ಪೆಂಡಾಲಿನ ಮುಂದಿನ ಸಾಲಿನಲ್ಲಿ ಊರುಗೋಲು ಒರಗಿಸಿಕೊಂಡು ಅಡುಗೆಯಕ್ಕ ಕೂತಿದ್ದರು. ಆ ಸದ್ದು ಕೇಳಿದ್ದೇ ತಡ, ಸೆರಗು ಬಾಯಿಗಿಟ್ಟುಕೊಂಡರು. 'ಅಯ್ಯೋ ನಮ್ಮವ್ವ! ಮೇಡಮ್ಮೋರೆ, ಅದು ಗಿಟಕು ಕಣ್ರೀ! ಅಟ್ಟದ ಮೇಲೆ ಒಂದು ವರ್ಷ ಇಟ್ಟು ಒಳಗೆ ಕೊಬ್ಬರಿ ಆಗಿರೋ ಕಾಯಿ. ಅದ್ರಲ್ಲಿ ನೀರು ಎಲ್ಲಿಂದ ಬರ್ಬೇಕು?'

ಐವತ್ತೂ ಗಿಟಕೇ. ಐವತ್ತು ಮನೆಯವರೂ, ಧರ್ಮಕ್ಕೆ ಕೊಡುವಾಗ ನಿನ್ನೆ ಕಿತ್ತ ಕಾಯಿ ಕೊಡುವುದೇ ಎಂದು ಅಟ್ಟ ಹತ್ತಿ, ಉಂಡೆ ಕೊಬ್ಬರಿಯಾಗಲು ಕಾಪಾಡಿಟ್ಟ ಕಾಯಿಗಳಲ್ಲಿ ಅತ್ಯುತ್ತಮವಾದದ್ದನ್ನು ಆರಿಸಿ ತಂದಿದ್ದರು. ಕರಪತ್ರವನ್ನು ಎಲ್ಲರೂ ಓದಿದ್ದರು. ಕಾಯಿ ಕಟ್ಟಿದ ನಾಲ್ವರೂ ಕಟ್ಟುವಾಗ ಆ ಸದ್ದು ಕೇಳಿದ್ದರಂತೆ. ಒಬ್ಬರಿಗಾದರೂ ಹೇಳಬೇಕು ಅನ್ನಿಸಲಿಲ್ಲವೇ ಎಂದು ಕೇಳಿದರೆ, 'ಒಳ್ಳೇ ಮಾಲು ಕೊಟ್ಟವ್ರೆ ಅನ್ಕೊಂಡ್ವಿ' ಎಂದರು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಬೈಯೋಣವೆಂದರೆ ಬೈಯುವುದು ಯಾರನ್ನು? ಮನೆಯಲ್ಲಿದ್ದ ಒಳ್ಳೆಯದನ್ನೇ ತಂದು ಕೊಟ್ಟವರನ್ನೇ?

ಹನ್ನೊಂದೂ ಮುಕ್ಕಾಲು ಆಗಿತ್ತು. ಹೊಸ ಕಾಯಿ ಕೀಳಿಸೋಣ ಎಂದರು ಕೆಲವರು. ಮರ ಹತ್ತುವವನನ್ನು ಕರೆಸಿ, ನಲವತ್ತು ಕಾಯಿ ಇಳಿಸಿ, ನಂಬರು ಬರೆದು ಕಟ್ಟುವಷ್ಟರಲ್ಲಿ ಒಂದು ಗಂಟೆ ದಾಟುತ್ತದೆ. ಗುಂಡೂ ಇಲ್ಲ, ಮೂರು ತಂಡದ್ದು ಆಗಲೇ ಖರ್ಚಾಗಿತ್ತು. ಸಾಹುಕಾರರ ಕಡೆ ನೋಡಿದೆ. ಅವರು ಕರಪತ್ರವನ್ನು ಜೇಬಿನಿಂದ ತೆಗೆದು ನಿಧಾನಕ್ಕೆ ಬಿಡಿಸಿದರು.

'ನೀರು ಸುರಿದ್ರೆ ಅಂತ ನೀವೇ ಬರ್ದಿದೀರಿ ಮೇಡಮ್ಮೋರೆ. ನಾನು ಸಭೇಲಿ ಆಡಿದ್ ಮಾತು ತಪ್ಪಲ್ಲ. ಆದ್ರೆ ಆಡದೇ ಇರೋದಕ್ಕೆ ಎಂಗ್ ಕೊಡ್ಲಿ? ನಾಳೆ ಮಂಡೀಲಿ ನನ್ನ ಮಾತಿಗೆ ಬೆಲೆ ಇರಲ್ಲ.'

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ದಪ್ಪ ಅಕ್ಷರ ನನ್ನದೇ. ಎರಡು ತಿಂಗಳಿಂದ ಆ ನಿಯಮ, ಈ ನಿಯಮ ಎಂದು ಊರಿನ ಮೇಲೆಲ್ಲ ಕೂಗಾಡಿದವಳು ನಾನು. ಅಂಥವಳು ಪಂದ್ಯ ಅರ್ಧ ಮುಗಿದ ಮೇಲೆ ನಿಯಮ ಬದಲಿಸಿದರೆ ಮೋಸ ಎನ್ನುತ್ತಾರೆ. ಬದಲಿಸದಿದ್ದರೆ ಒಂದು ಕಾಯಿಯೂ ಗೆದ್ದಂತಲ್ಲ, ಕಾಲಿಗೆ ಅಳತೆ ಕೊಡುವುದು ಈ ವಾರ ಆಗುವುದಿಲ್ಲ, ಶಾಲೆ ಮಾತ್ರ ತೆರೆಯುವ ದಿನವೇ ತೆರೆಯುತ್ತದೆ. ಮೈಕು ಕಿತ್ತುಕೊಂಡೆ.

'ತಪ್ಪು ನನ್ನದು' ಎಂದೆ. 'ಕಾಯಿ ನೋಡದೆ ನಿಯಮ ಬರೆದೆ. ಆ ನಿಯಮ ಈಗ ಇಲ್ಲ. ನಾನು ಹೊಡೆದ ಕಾಯಿಯ ಹಿಂಬದಿ ತೂತಿಲ್ಲ, ಗುಂಡು ಒಳಗೇ ಉಳಿದಿರುತ್ತೆ. ಉಳಿದ ಎರಡು ತಂಡವೂ ಹೊಡೆಯಲಿ. ಒಂದು ಗಂಟೆಗೆ ರೈಫಲ್ ಕಟ್ಟಿಟ್ಟು, ಎಲ್ಲಾ ಕಾಯಿಯನ್ನೂ ನಿಮ್ಮ ಕಣ್ಣೆದುರಿಗೇ ಒಡೆಸ್ತೀನಿ. ಒಳಗೆ ಗುಂಡು ಸಿಕ್ಕಿದ್ದು ಗೆದ್ದ ಕಾಯಿ. ಒಪ್ಪದವರು ದುಡ್ಡು ವಾಪಸ್ ತಗೊಂಡು ಹೋಗಿ.'

ಯಾರೂ ಏಳಲಿಲ್ಲ. ಸಾಹುಕಾರರು ಮಾತ್ರ ಕರಪತ್ರ ಹಿಡಿದುಕೊಂಡೇ ಇದ್ದರು. ಆಗ ಅಡುಗೆಯಕ್ಕ ಕೂತಲ್ಲಿಂದಲೇ ಕೂಗಿದರು. 'ಸಾವ್ಕಾರ್ರೆ, ನಿಮಗೆ ನೀರು ಬೇಕಾ? ಬನ್ನಿ, ಒಂದು ಚೊಂಬು ಕೊಡ್ತೀನಿ. ನಂಗೆ ಕಾಲು ಬೇಕು ಕಣ್ರಪ್ಪ!'

ಪೆಂಡಾಲು ಗೊಳ್ಳೆಂದಿತು. ಸಾಹುಕಾರರ ಮುಖ ಕೆಂಪಾಯಿತು. ನಾಲ್ಕು ಸಲ ಗಂಟಲು ಸರಿಮಾಡಿಕೊಂಡು, 'ಆಯ್ತು, ಗುಂಡು ಇದ್ರೆ ಕೊಡ್ತೀನಿ. ನನ್ನ ಕಣ್ಣಾರೆ ನೋಡ್ಬೇಕು' ಎಂದರು.

ಕೊನೆಯ ತಂಡ ಮುಗಿದಾಗ ಒಂದಕ್ಕೆ ಆರು ನಿಮಿಷ ಇತ್ತು. ಬೋಲ್ಟ್ ತೆಗೆಸಿ, ರೈಫಲ್ ಎಣಿಸಿ, ಪೆಟ್ಟಿಗೆಗೆ ಬೀಗ ಹಾಕಿಸಿ, ಕಾಯಿಗಳನ್ನು ಚೀಲದಲ್ಲಿ ಹೊರಿಸಿ ತಂದೆ. ಸಿಪ್ಪೆ ಸುಲಿಯಲು ಜನ ನಾ ಮುಂದೆ ಎಂದು ಬಂದರು. ಒಡೆಯುವುದಕ್ಕೆ ಅಕ್ಕ ಯಾರನ್ನೂ ಬಿಡಲಿಲ್ಲ. 'ಇಪ್ಪತ್ತು ವರ್ಷ ಕಾಯಿ ಒಡೆದಿರೋ ಕೈ ಇದು. ಕಾಲು ತಾನೆ ಹೋಗಿರೋದು' ಎಂದು ನೆಲದ ಮೇಲೆ ಕೂತು ಮಚ್ಚು ತೆಗೆದುಕೊಂಡರು.

ಮೊದಲು ಕೋವಿ ಯಜಮಾನರ ಕಾಯಿ. ಚಿಪ್ಪು ಬಿಟ್ಟುಕೊಂಡಿತು, ಕೊಬ್ಬರಿ ಉಂಡೆ ಹೊರಗೆ ಉರುಳಿತು. ಅಕ್ಕ ಅದನ್ನು ಹೋಳು ಮಾಡಿ ಸ್ಟೀಲ್ ತಟ್ಟೆಯ ಮೇಲೆ ಕೊಡವಿದರು. ಟಣ್, ಟಣ್, ಟಣ್. ಮೂರು ಗುಂಡು. ನಾಲ್ಕನೆಯದು ಚಿಪ್ಪಿನಲ್ಲೇ ಸಿಕ್ಕಿಕೊಂಡಿತ್ತು. ಯಜಮಾನರು ನನ್ನ ಕಡೆ ನೋಡಿದರು. ತಪ್ಪಾಯಿತು ಯಜಮಾನ್ರೆ ಎಂದೆ. ಎಲ್ಲರ ಎದುರಿಗೇ ಎಂದೆ. 'ಇರ್ಲಿ ಬಿಡವ್ವ, ನೀನು ನೆಲದ ಮೇಲೆ ಮಲಗಿ ಚೆನ್ನಾಗಿ ಹೊಡೀತೀಯ' ಎಂದರು.

ಕಾಯಿ ಒಡೆದ ಹಾಗೆಲ್ಲ ಜನ ಎಣಿಸತೊಡಗಿದರು. ಸಾಹುಕಾರರು ಬಗ್ಗಿ ಬಗ್ಗಿ ನೋಡಿ, ಒಂದೊಂದು ಸಲವೂ ನರಳುತ್ತಿದ್ದರು. 'ಎಂಥಾ ಮಾಲು! ಇಂಥ ಉಂಡೆಗೆ ತೂತು ಹೊಡ್ದ್ಬಿಟ್ರಲ್ರೀ!' ಅವರ ಸಂಕಟ ಹಣದ್ದಲ್ಲ, ಕೊಬ್ಬರಿಯದ್ದು. ಇಪ್ಪತ್ಮೂರು ಕಾಯಿಯಲ್ಲಿ ಗುಂಡು ಸಿಕ್ಕಿತು. ಹೇಳಿದ ಹಣವನ್ನು ಅಲ್ಲೇ ಕೊಟ್ಟರು, ಹೋಳುಗಳನ್ನೂ ಅವರೇ ಮಂಡಿಗೆ ಕೊಂಡರು. ಕಾಲಿಗೆ ಸ್ವಲ್ಪ ಕಡಿಮೆ ಬಿದ್ದದ್ದು ಅದರಲ್ಲಿ ತುಂಬಿತು. ಹಸಿಕಾಯಿಯಾಗಿದ್ದರೆ ಅದೂ ಇರುತ್ತಿರಲಿಲ್ಲ, ನಿಜ. ಹಾಗೆಂದು ನನ್ನ ಕೋಪವೇನೂ ಇಳಿಯಲಿಲ್ಲ.

ಬುಧವಾರ ಶಿವಮೊಗ್ಗದಲ್ಲಿ ಅಳತೆ ಕೊಟ್ಟೆವು. ಶಾಲೆ ತೆರೆಯುವುದಕ್ಕೆ ನಾಲ್ಕು ದಿನ ಮುಂಚೆ ಕಾಲು ಬಂತು. ಆ ನಾಲ್ಕು ದಿನ ಅಕ್ಕನನ್ನು ಮೈದಾನದ ಸುತ್ತ ನಡೆಸಿದೆ. ಊರುಗೋಲು ಬಿಡಿ ಎಂದರೆ ನನ್ನನ್ನೇ ಬೈದರು, ಬೈದುಕೊಂಡೇ ಬಿಟ್ಟರು.

ತೆರೆದ ದಿನ ಮುಖ್ಯೋಪಾಧ್ಯಾಯರು ಅಡುಗೆಮನೆಯ ಬಾಗಿಲಲ್ಲಿ ಎರಡು ಸಲ ಇಣುಕಿದರು. ಅಕ್ಕ ಒಲೆಯ ಮುಂದೆ ನಿಂತೇ ಇದ್ದರು. ಅನ್ನ ಬಸಿದರು, ಸಾಂಬಾರಿಗೆ ಒಗ್ಗರಣೆ ಕೊಟ್ಟರು, ಕೊನೆಯ ಮಗುವಿನ ತಟ್ಟೆಗೆ ಬಡಿಸುವವರೆಗೂ ನಿಂತರು. ಮುಖ್ಯೋಪಾಧ್ಯಾಯರು ಸಂತೋಷವಾಗಿ ಆಫೀಸಿಗೆ ಹೋದರು. ನಾನು ಪಾತ್ರೆ ಎತ್ತಿಕೊಡಲು ಒಳಗೆ ಹೋದಾಗ ಅವರು ಅಕ್ಕಿ ಮೂಟೆಯ ಮೇಲೆ ಕೂತು ಕಾಲು ಬಿಚ್ಚುತ್ತಿದ್ದರು. ಮೊಂಡಿನ ತುದಿ ಉಜ್ಜಿ ಕೆಂಪಾಗಿ, ಒಂದು ಕಡೆ ಚರ್ಮ ಕಿತ್ತಿತ್ತು.

'ಹೆಡ್ ಮಾಸ್ಟ್ರಿಗೆ ಏಳ್ಬೇಡಿ ಮೇಡಮ್ಮೋರೆ' ಎಂದರು. 'ಅಭ್ಯಾಸ ಆಯ್ತದೆ. ಒಂದು ತಿಂಗಳು. ನಿಮ್ಮ ಕೈ ಮುಗೀತೀನಿ.'

ಸಕ್ಕರೆ ಕಾಯಿಲೆಯವರಿಗೆ ಅಂಥ ಹುಣ್ಣು ಎಂದರೆ ಏನು ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಸಂಜೆಯೇ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೆತ್ತನೆ ಒಳಪದರ ಹಾಕಿಸಬೇಕು, ಅಲ್ಲಿಯವರೆಗೆ ಒಂದೇ ಸಮನೆ ನಿಲ್ಲಬಾರದು, ಕೂತು ಕೂತು ಕೆಲಸ ಮಾಡಬೇಕು ಎಂದರು.

ಮರುದಿನ ಬೆಳಿಗ್ಗೆ ಪ್ರಯೋಗಾಲಯದಿಂದ ಎತ್ತರದ ಮರದ ಸ್ಟೂಲೊಂದನ್ನು ಹೊತ್ತು ತಂದು ಒಲೆಯ ಪಕ್ಕ ಹಾಕಿದೆ. ಮುಖ್ಯೋಪಾಧ್ಯಾಯರು ಬಾಗಿಲಲ್ಲೇ ನಿಂತು ಅದನ್ನು ನೋಡಿದರು.

'ಇದು ಯಾರಿಗೆ ಮೇಡಂ?'

'ನನಗೆ ಸರ್. ಇನ್ನು ಮೇಲೆ ಬಿಸಿಯೂಟದ ಉಸ್ತುವಾರಿ ನಾನೇ ನೋಡ್ಕೋತೀನಿ. ಸೊಂಟ ನೋವು, ನಿಲ್ಲಕ್ಕಾಗಲ್ಲ.'

'ಪಿಟಿ ಮೇಡಂಗೆ ಸೊಂಟ ನೋವಾ?' ಅವರು ನನ್ನನ್ನು ನೋಡಿದರು, ಬೆನ್ನು ತಿರುಗಿಸಿ ಸೌಟು ಆಡಿಸುತ್ತಿದ್ದ ಅಕ್ಕನನ್ನು ನೋಡಿದರು, ಸ್ಟೂಲನ್ನು ಇನ್ನೊಂದು ಸಲ ನೋಡಿದರು. ಆಮೇಲೆ ಒಳಗೆ ಬಂದು, ಅದನ್ನು ಎರಡೂ ಕೈಯಿಂದ ಎತ್ತಿ, ಅಕ್ಕನ ಕೈಗೆಟುಕುವ ಹಾಗೆ ಒಲೆಗೆ ಇನ್ನೂ ಹತ್ತಿರಕ್ಕೆ ಸರಿಸಿಟ್ಟು ಹೋದರು.